ಕ್ಲಾಸಿಕ್ 350: ಇಂಜಿನ್ ಕೆಲಸ ಆದಮೇಲೆ 60 ದಾಟಿದ್ರೆ ವಿಪರೀತ ವೈಬ್ರೇಶನ್, ಎಲ್ಲಿಂದ ಹುಡುಕೋದು?

ವಿರಾಜಪೇಟೆ_ಕ್ಲಾಸಿಕ್:

ಎಲ್ಲರಿಗೂ ನಮಸ್ಕಾರ. ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಹಳೇ ಯುಸಿಇ ಇಂಜಿನ್ (ಇಂಜಿನ್ನೂ ಗೇರ್‌ಬಾಕ್ಸೂ ಒಂದೇ ಕೇಸಿನಲ್ಲಿರೋದು), ಕಾರ್ಬುರೇಟರ್ ಮಾಡೆಲ್. ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗ್) ಶಬ್ದ ಶುರುವಾಗಿದ್ದರಿಂದ ಇಂಜಿನ್ ಪೂರ್ತಿ ಬಿಚ್ಚಿಸಿದ್ದಾಯ್ತು. ಆಗಿರೋ ಕೆಲಸ ಇಷ್ಟು: ಕನೆಕ್ಟಿಂಗ್ ರಾಡ್ ಕಿಟ್ ಹೊಸದು, ಸಿಲಿಂಡರ್ ಬ್ಲಾಕ್ 0.50 ಮಿ.ಮೀ. ಓವರ್‌ಸೈಜ್‌ಗೆ ಬೋರಿಂಗ್ (ಒಳಗೆ ಕೊರೆದು ಅಗಲ ಮಾಡೋದು), ಪಿಸ್ಟನ್ ಮತ್ತು ರಿಂಗ್ ಹೊಸದು (ಕಂಪನಿ ಪಿಸ್ಟನ್ ಸಿಗಲಿಲ್ಲ, ಹೊರಗಿನ ಮಾಲು), ಮೇನ್ ಬೇರಿಂಗ್, ಪ್ರೈಮರಿ ಚೈನ್ (ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವ ಚೈನ್), ಕ್ಲಚ್ ಪ್ಲೇಟ್, ಆಯಿಲ್ ಸೀಲ್‌ಗಳು. ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟವನ್ನು ಸುತ್ತಾಗಿಸುವ ಶಾಫ್ಟ್) ಪ್ರೆಸ್ ಮಾಡೋದನ್ನೂ ಬೋರಿಂಗನ್ನೂ ಗ್ಯಾರೇಜಿನವರು ಹೊರಗೆ ಲೇತಿನಲ್ಲಿ ಮಾಡಿಸಿದ್ದಾರೆ.

ಈಗ ಸ್ಟಾರ್ಟ್ ಚೆನ್ನಾಗಿದೆ, ಹೊಗೆ ಇಲ್ಲ, ಐಡ್ಲಿಂಗ್‌ನಲ್ಲಿ ತೊಂದರೆ ಇಲ್ಲ. ಐದನೇ ಗೇರಿನಲ್ಲಿ 60 ದಾಟಿದ ಕೂಡಲೇ ಫುಟ್‌ರೆಸ್ಟ್, ಹ್ಯಾಂಡಲ್, ಟ್ಯಾಂಕ್ ಮೂರೂ ಕಡೆ ಜುಮ್ ಅಂತ ನಡುಕ. 70ಕ್ಕೆ ಕನ್ನಡಿಯಲ್ಲಿ ಏನೂ ಕಾಣಲ್ಲ. ಕೆಲಸಕ್ಕೆ ಮೊದಲು 80ರವರೆಗೂ ಇಷ್ಟು ಇರಲಿಲ್ಲ. ಗ್ಯಾರೇಜಿನಲ್ಲಿ ಕೇಳಿದರೆ ಹೊಸ ಪಿಸ್ಟನ್ ಅಲ್ವಾ, ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ ಅಂತಾರೆ. ಬ್ಯಾಲೆನ್ಸರ್ (ನಡುಕ ತಗ್ಗಿಸೋಕೆ ತಿರುಗುವ ತೂಕದ ಶಾಫ್ಟ್) ಟೈಮಿಂಗ್ ತಪ್ಪಿರಬಹುದು ಅಂತ ಇನ್ನೊಬ್ಬರು ಹೇಳಿದರು. ಮತ್ತೆ ಇಂಜಿನ್ ಬಿಚ್ಚುವ ಮೊದಲು ಹೊರಗಿನಿಂದ ಏನೇನು ನೋಡಬಹುದು? ಕಾಫಿ ಕುಯ್ಲಿಗೆ ಮುಂಚೆ ಗಾಡಿ ಸರಿಯಾಗಬೇಕು, ತೋಟದ ಓಡಾಟ ಎಲ್ಲ ಇದರಲ್ಲೇ.

ಮಡಿಕೇರಿ_ಸ್ಪಾನರ್:

ಮೊದಲು ಬ್ಯಾಲೆನ್ಸರ್ ವಿಷಯ ಬಿಟ್ಟುಬಿಡಿ. ಯುಸಿಇ 350ರಲ್ಲಿ ಬ್ಯಾಲೆನ್ಸರ್ ಶಾಫ್ಟೇ ಇಲ್ಲ. ಅದು ಬಂದಿದ್ದು ಆಮೇಲಿನ 349 ಸಿಸಿ ಇಂಜಿನ್‌ಗೆ, ಹಿಮಾಲಯನ್ 411ಕ್ಕೂ ಇದೆ. ಆ ಗಾಡಿಗಳಲ್ಲಿ ಗೇರಿನ ಗುರುತು ಒಂದು ಹಲ್ಲು ತಪ್ಪಿ ಕೂತರೂ ಐಡ್ಲಿಂಗ್‌ನಿಂದಲೇ ಇಡೀ ಗಾಡಿ ಅದುರುತ್ತೆ. ನಿಮ್ಮದಕ್ಕೆ ಅದು ಅನ್ವಯಿಸಲ್ಲ.

"ಓಡಿಸಿದರೆ ಸರಿಹೋಗುತ್ತೆ" ಅನ್ನೋದರಲ್ಲಿ ಅರ್ಧ ಮಾತ್ರ ನಿಜ. ರಿಂಗ್ ಬ್ಲಾಕಿಗೆ ಹೊಂದಿಕೊಳ್ಳುತ್ತೆ, ಹೊಸ ಪಿಸ್ಟನ್ನಿನ ಬಿಗಿ ಕಮ್ಮಿ ಆಗುತ್ತೆ, ವಾಲ್ವ್ ತಳ್ಳುವ ಹೈಡ್ರಾಲಿಕ್ ಟ್ಯಾಪೆಟ್‌ಗೆ ಆಯಿಲ್ ತುಂಬಿ ಟಿಕ್ ಟಿಕ್ ನಿಲ್ಲುತ್ತೆ. ಕ್ರ್ಯಾಂಕ್ ಓರೆ ಇದ್ದರೆ, ಫೌಂಡೇಶನ್ ಬೋಲ್ಟ್ (ಇಂಜಿನ್ನನ್ನು ಫ್ರೇಮಿಗೆ ಹಿಡಿಯುವ ಬೋಲ್ಟ್) ಸರಿಯಾಗಿ ಕೂತಿಲ್ಲದಿದ್ದರೆ ಎಷ್ಟು ಓಡಿಸಿದರೂ ಹಾಗೇ ಇರುತ್ತೆ, ಜಾಸ್ತಿನೂ ಆಗುತ್ತೆ.

ಈಗ ಪರೀಕ್ಷೆ. ನಡುಕ ಇಂಜಿನ್ನಿನ ವೇಗದ ಹಿಂದೆ ಹೋಗುತ್ತಾ, ಗಾಡಿಯ ವೇಗದ ಹಿಂದೆ ಹೋಗುತ್ತಾ, ಅದು ಮೊದಲು ಗೊತ್ತಾಗಬೇಕು. ನಮ್ಮ ಏರು ಇಳಿತದ ರಸ್ತೆಯಲ್ಲಿ ಇದು ತಿಳಿಯಲ್ಲ. ಏರಿನಲ್ಲಿ ಮೇಲಿನ ಗೇರಿಗೆ ಹಾಕಿ ಎಳೆಸಿದರೆ ಯಾವ ಬುಲೆಟ್ಟಾದರೂ ಕುಲುಕುತ್ತೆ, ಅದನ್ನು ಲೆಕ್ಕಕ್ಕೆ ತಗೋಬೇಡಿ. ಕುಶಾಲನಗರ ದಾಟಿ ಬೈಲಕುಪ್ಪೆ, ಪಿರಿಯಾಪಟ್ಟಣದ ಕಡೆ ಸಮತಟ್ಟು ಸಿಗುತ್ತೆ, ಅಲ್ಲಿ ನೋಡಿ.

ಐದನೇ ಗೇರಿನಲ್ಲಿ ನಡುಕ ಬರುವ ವೇಗ ಹಿಡಿದು ಓಡಿಸಿ. ಹಿಂದೆ ವಾಹನ ಇಲ್ಲ ಅಂತ ನೋಡಿಕೊಂಡು ಕ್ಲಚ್ ಹಿಡಿದು ಆಕ್ಸಿಲೇಟರ್ ಬಿಡಿ. ಇಂಜಿನ್ ಐಡ್ಲಿಂಗ್‌ಗೆ ಇಳಿದು ಗಾಡಿ ಅದೇ ವೇಗದಲ್ಲಿ ಉರುಳುವಾಗ ನಡುಕ ನಿಂತರೆ ಚಕ್ರದ ತಪ್ಪಲ್ಲ. ನಿಲ್ಲದಿದ್ದರೆ ಚಕ್ರ, ಟಯರ್, ಚೈನ್, ಹಿಂದಿನ ಕಪ್ಲಿಂಗ್ ರಬ್ಬರ್ ನೋಡಿ. ತೋಟದ ಕೆಂಪು ಮಣ್ಣು ರಿಮ್ಮಿನ ಒಳಮೈಗೆ ಮೆತ್ತಿ ಒಣಗಿದರೂ 60ರ ಮೇಲೆ ಹ್ಯಾಂಡಲ್ ಅಲುಗುತ್ತೆ, ತೊಳೆದು ನೋಡಿ. ಚೈನ್ ಸಡಿಲ 25ರಿಂದ 30 ಮಿ.ಮೀ. ಇರಲಿ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ಅಳೆಯಿರಿ, ಒಂದು ಕಡೆ ಬಿಗಿ ಇನ್ನೊಂದು ಕಡೆ ಜೋತು ಬಿದ್ದರೆ ಚೈನ್ ಸ್ಪ್ರಾಕೆಟ್ ಸೆಟ್ಟೇ ಮುಗಿದಿದೆ.

ಮೂರನೇ, ನಾಲ್ಕನೇ ಗೇರಿನಲ್ಲೂ ನೋಡಿ. ಗೇರು ಇಳಿಸಿದಂತೆ ನಡುಕ ಶುರುವಾಗುವ ವೇಗವೂ ಇಳಿದರೆ ಅದು ಇಂಜಿನ್. ಕೊನೆಗೆ ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಆಕ್ಸಿಲೇಟರ್ ನಿಧಾನ ಏರಿಸಿ. ಲೋಡ್ ಇಲ್ಲದೆಯೂ ಅದೇ ನಡುಕ ಬಂತು ಅಂದರೆ ಕ್ರ್ಯಾಂಕ್, ಪಿಸ್ಟನ್, ಫೌಂಡೇಶನ್ ಈ ಮೂರರಲ್ಲಿ ಒಂದು. ರಸ್ತೆಯಲ್ಲಿ ಎಳೆಯುವಾಗ ಮಾತ್ರ ಬಂದು ನ್ಯೂಟ್ರಲ್‌ನಲ್ಲಿ ಇಲ್ಲ ಅಂದರೆ ಪೆಟ್ರೋಲ್, ಸ್ಪಾರ್ಕ್ ಕಡೆ ತಿರುಗಿ. ಎರಡು ಪ್ಲಗ್ಗಿನ ಇಂಜಿನ್ ಇದು, ಒಂದು ಸುಡದಿದ್ದರೂ ಓಡುತ್ತೆ, ಆದರೆ ಒರಟಾಗಿ ಓಡುತ್ತೆ. ಕಾರ್ಬುರೇಟರ್ ಮತ್ತು ಹೆಡ್ ನಡುವಿನ ರಬ್ಬರಿನಲ್ಲಿ ಗಾಳಿ ಎಳೆದರೂ ಹಾಗೇ. ಸ್ಪಾರ್ಕಿನ ತಪ್ಪು ತಡೆದು ತಡೆದು ಬರುವ ಕುಲುಕಾಟ. ನೀವು ಹೇಳುತ್ತಿರೋದು ಒಂದೇ ಸಮನೆ ಬರುವ ಜುಮ್, ಅದಕ್ಕೇ ನನ್ನ ಅನುಮಾನ ಫೌಂಡೇಶನ್ ಮೇಲೆ.

ಈ ಗಾಡಿಯ ಫ್ರೇಮಿಗೆ ಕೆಳಗೆ ಇಂಜಿನ್ ಹೊರುವ ಪೈಪಿನ ತೊಟ್ಟಿಲು ಇಲ್ಲ, ಇಂಜಿನ್ನೇ ಫ್ರೇಮಿನ ಒಂದು ಭಾಗ. ಮುಂದಿನ ಪ್ಲೇಟ್, ಹಿಂದಿನ ಪ್ಲೇಟ್, ಮೇಲೆ ಹೆಡ್ ಸ್ಟೆಡಿ (ಇಂಜಿನ್ನಿನ ತಲೆಯನ್ನು ಫ್ರೇಮಿಗೆ ಹಿಡಿಯುವ ಪ್ಲೇಟ್), ಇಷ್ಟರಲ್ಲಿ ಒಂದು ಬೋಲ್ಟ್ ತಪ್ಪಿ ಕೂತರೂ ನಡುಕದ ಜಾಗವೇ ಬದಲಾಗುತ್ತೆ. ಇಂಜಿನ್ ಇಳಿಸಿ ಏರಿಸಿದ ಮೇಲೆ ಹೆಚ್ಚಾಗಿ ತಪ್ಪುವುದು ಹೆಡ್ ಸ್ಟೆಡಿ, ಯಾಕಂದ್ರೆ ಟ್ಯಾಂಕ್ ಕೂರಿಸಿದ ಮೇಲೆ ಅದು ಯಾರ ಕಣ್ಣಿಗೂ ಬೀಳಲ್ಲ. ಟ್ಯಾಂಕ್ ಎತ್ತಿ ಅದರ ಬೋಲ್ಟ್ ಸಡಿಲಿಸಿ. ಪ್ಲೇಟ್ ತಾನಾಗಿ ಜಿಗಿದು ದೂರ ಸರಿದರೆ ಅಲ್ಲಿ ಅಂತರ ಇದೆ, ಬೋಲ್ಟಿನಿಂದ ಎಳೆದು ಕೂರಿಸಿದ್ದಾರೆ ಅಂತ ಅರ್ಥ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಅಳೆದು ಅಷ್ಟೇ ದಪ್ಪದ ಸ್ಟೀಲ್ ವಾಷರ್ ಕೊಡಿ. ಹೆಡ್ ಸ್ಟೆಡಿ ಬಿಚ್ಚಿಟ್ಟು ಮಾತ್ರ ರಸ್ತೆಗೆ ಇಳಿಯಬೇಡಿ.

ಪೊನ್ನಂಪೇಟೆ_ಮೆಕ್ಯಾನಿಕಲ್:

ಮೇಲಿನ ಪರೀಕ್ಷೆಗೆ ಒಂದು ಸೇರಿಕೆ. ಕ್ಲಾಸಿಕ್‌ಗೆ ಆರ್‌ಪಿಎಂ ಮೀಟರ್ ಇಲ್ಲ. ಆದರೆ ಮೊಬೈಲಿನ ಒಳಗಿರೋ ಅಲುಗಾಟದ ಸೆನ್ಸರ್ ಓದಿ ಆವರ್ತನ ತೋರಿಸುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಸೀಟಿನ ಮೇಲೆ ಫೋನ್ ಬಿಗಿಯಾಗಿ ಕಟ್ಟಿ ನೋಡಿ. ಇಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು, ಅಂದರೆ 50 ಹರ್ಟ್ಸ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂದಿನ ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು ಮಾತ್ರ. ಎರಡೂ ಬಹಳ ದೂರ ದೂರ ಇರೋದರಿಂದ ಗೊಂದಲ ಆಗಲ್ಲ. ಹಳೇ ಫೋನ್ ಬಳಸಿ, ಬುಲೆಟ್ಟಿನ ನಡುಕಕ್ಕೆ ಒಳ್ಳೆ ಫೋನಿನ ಕ್ಯಾಮರಾದ ಸ್ಟೆಬಿಲೈಸರ್ ಹಾಳಾಗಬಹುದು.

ಹೊರಗಿನ ಪಿಸ್ಟನ್ ಬಗ್ಗೆ ಬಹಳ ಜನ ಹೆದರುತ್ತಾರೆ. ಲೆಕ್ಕ ಹಾಕಿಯೇ ನೋಡೋಣ. ಈ ಇಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿ.ಮೀ. ಅಂದರೆ ಕ್ರ್ಯಾಂಕ್ ತ್ರಿಜ್ಯ 45 ಮಿ.ಮೀ. ಪಿಸ್ಟನ್, ಪಿನ್, ರಿಂಗ್, ರಾಡಿನ ಮೇಲ್ಭಾಗ ಸೇರಿ ಮೇಲೆ ಕೆಳಗೆ ಓಡಾಡುವ ತೂಕ ಅರ್ಧ ಕೆ.ಜಿ. ಅಂತ ಇಟ್ಟುಕೊಳ್ಳಿ. 3000 ಆರ್‌ಪಿಎಂನಲ್ಲಿ ಅದರ ಬಲ ಸುಮಾರು 2200 ನ್ಯೂಟನ್, ಹತ್ತಿರಹತ್ತಿರ 225 ಕೆ.ಜಿ. ಭಾರದಷ್ಟು. 4000ಕ್ಕೆ ಅದೇ 400 ಕೆ.ಜಿ., ಯಾಕಂದ್ರೆ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 60ರವರೆಗೆ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಜಾಸ್ತಿ ಆದಂತೆ ಅನ್ನಿಸೋದಕ್ಕೆ ಇದೂ ಒಂದು ಕಾರಣ.

ಒಂದೇ ಸಿಲಿಂಡರಿನ ಇಂಜಿನ್ನಿನಲ್ಲಿ ಈ ಬಲವನ್ನು ಪೂರ್ತಿ ಅಳಿಸೋಕೆ ಆಗಲ್ಲ. ಫ್ಲೈವೀಲಿನಲ್ಲಿ (ಕ್ರ್ಯಾಂಕಿನ ಭಾರದ ಚಕ್ರ) ಎದುರು ತೂಕ ಇಟ್ಟು ಅರ್ಧದಷ್ಟೋ ಸ್ವಲ್ಪ ಹೆಚ್ಚೋ ಸರಿದೂಗಿಸುತ್ತಾರೆ, ಉಳಿದದ್ದು ನಮ್ಮ ಕೈಕಾಲಿಗೆ ಬರುತ್ತೆ. ಎದುರು ತೂಕ ಜಾಸ್ತಿ ಮಾಡಿದರೆ ಮೇಲೆ ಕೆಳಗಿನ ನಡುಕ ತಗ್ಗಿ ಮುಂದೆ ಹಿಂದಿನದು ಹೆಚ್ಚುತ್ತೆ. ಈಗ ಹೊಸ ಪಿಸ್ಟನ್ ಹಳೆಯದಕ್ಕಿಂತ 20 ಗ್ರಾಂ ಭಾರ ಅಂದುಕೊಳ್ಳಿ. 4000 ಆರ್‌ಪಿಎಂನಲ್ಲಿ ಅದರಿಂದ ಹೆಚ್ಚುವ ಬಲ 16 ಕೆ.ಜಿ. ಮೊದಲೇ ಉಳಿದಿರುವ 200ರ ಹತ್ತಿರದ ಬಲಕ್ಕೆ ಇದು ನೂರಕ್ಕೆ ಎಂಟರಷ್ಟು. ಗಮನಕ್ಕೆ ಬರಬಹುದು, ಆದರೆ ಕನ್ನಡಿಯಲ್ಲಿ ಏನೂ ಕಾಣದಷ್ಟು ನಡುಕ ಇದೊಂದರಿಂದಲೇ ಬರಲ್ಲ. ಹಳೇ ಪಿಸ್ಟನ್ ಇಟ್ಟುಕೊಂಡಿದ್ದರೆ ಪಿನ್, ರಿಂಗ್, ಲಾಕ್ ಸಮೇತ ಗ್ರಾಂ ತಕ್ಕಡಿಯಲ್ಲಿ ತೂಗಿಡಿ. ಇಂಜಿನ್ ಮತ್ತೆ ಬಿಚ್ಚಿದರೆ ಹೊಸದನ್ನೂ ತೂಗಿ. 10 ಗ್ರಾಂ ಒಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸೋಮವಾರಪೇಟೆ_411:

ಐಡ್ಲಿಂಗ್ ಎಷ್ಟಿದೆ ಅಂತನೂ ನೋಡಿ ಅಣ್ಣ. ಸೌಂಡಿಗೋಸ್ಕರ ಐಡ್ಲಿಂಗ್ ಇಳಿಸಿಡೋ ಅಭ್ಯಾಸ ನಮ್ಮ ಕಡೆ ಬಹಳ. 1000 ಆರ್‌ಪಿಎಂ ಆಸುಪಾಸು ಇರಲಿ. ತೀರ ಇಳಿಸಿದರೆ ಆಯಿಲ್ ಪ್ರೆಶರ್ ಸಾಲಲ್ಲ, ಹೊಸ ಬಿಗ್ ಎಂಡ್‌ಗೆ ಅದು ಒಳ್ಳೇದಲ್ಲ.

ಲೇತ್_ಪ್ರೆಸ್_ಕುಶಾಲನಗರ:

ಫೌಂಡೇಶನ್ ಮೊದಲು ನೋಡಿ ಅಂದಿದ್ದು ಸರಿ. ಆದರೆ ರಾಡ್ ಕಿಟ್ ಹಾಕಿದ ಮೇಲೆ ಬಂದ ನಡುಕ ಅಂದ್ರೆ ಕ್ರ್ಯಾಂಕ್ ನೋಡದೆ ಕೇಸು ಮುಗಿಸಬಾರದು.

ಈ ಕ್ರ್ಯಾಂಕ್ ಎರಡು ಫ್ಲೈವೀಲ್, ನಡುವೆ ಒಂದು ಪಿನ್, ಎಲ್ಲ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ್ದು. ರಾಡ್ ಬದಲಿಸಬೇಕಾದರೆ ಎರಡೂ ವೀಲ್ ಬೇರೆ ಮಾಡಿ ಮತ್ತೆ ಒತ್ತಬೇಕು. ಒತ್ತಿದ ಮೇಲೆ ಎರಡೂ ಬದಿಯ ಶಾಫ್ಟ್ ಒಂದೇ ಗೆರೆಗೆ ಬರಬೇಕು. ಸ್ಕೇಲ್ ಇಟ್ಟು, ಕಣ್ಣಳತೆಯಲ್ಲಿ ಸರಿ ಇದೆ ಅಂದರೆ ಸಾಲದು. ವಿ-ಬ್ಲಾಕ್ (ವಿ ಆಕಾರದ ಕಚ್ಚು ಇರುವ ಆಸರೆ) ಮೇಲೆ ಬೇರಿಂಗ್ ಕೂರುವ ಜಾಗ ಇಟ್ಟೋ, ಲೇತಿನ ಎರಡು ಸೆಂಟರ್ ನಡುವೆ ಹಿಡಿದೋ ಎರಡೂ ಶಾಫ್ಟಿಗೆ ಡಯಲ್ ಗೇಜ್ (ಸಣ್ಣ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸೋದು) ಹಚ್ಚಿ ತಿರುಗಿಸಬೇಕು. ಈ ತರಹದ ಸಿಂಗಲ್ ಸಿಲಿಂಡರ್ ಕ್ರ್ಯಾಂಕಿಗೆ ಮುಳ್ಳಿನ ಒಟ್ಟು ಓಡಾಟ 0.03 ಮಿ.ಮೀ. ಒಳಗೆ ತರೋದು ಒಳ್ಳೆ ಕೆಲಸ. 0.05 ದಾಟಿದರೆ ಜೋಡಿಸಲೇಬಾರದು.

ಓರೆ ಎರಡು ತರಹ ಬರುತ್ತೆ. ಒಂದು, ಪಿನ್ ಸುತ್ತ ಒಂದು ವೀಲ್ ಇನ್ನೊಂದಕ್ಕಿಂತ ತಿರುಚಿ ಕೂತಿರೋದು. ಆಗ ಗೇಜಿನ ಎತ್ತರದ ಜಾಗ ಪಿನ್ನಿಗೆ ಅಡ್ಡವಾಗಿ, 90 ಡಿಗ್ರಿಯಲ್ಲಿ ಸಿಗುತ್ತೆ. ತಾಮ್ರದ ಸುತ್ತಿಗೆಯಿಂದ ಆ ವೀಲಿನ ಅಂಚಿಗೆ ಹೊಡೆದು ತಿರುಗಿಸಬೇಕು. ಇನ್ನೊಂದು, ಎರಡು ವೀಲ್ ಪಿನ್ನಿನ ಕಡೆ ಅಥವಾ ಪಿನ್ನಿನ ಎದುರು ಕಡೆ ಹತ್ತಿರ ಬಂದಿರೋದು, ಇಲ್ಲ ಬಾಯಿ ಬಿಟ್ಟಿರೋದು. ಆಗ ಎತ್ತರದ ಜಾಗ ಪಿನ್ನಿನ ನೇರಕ್ಕೆ ಅಥವಾ ಅದರ ಎದುರು ಸಿಗುತ್ತೆ. ಹತ್ತಿರ ಬಂದಿದ್ದರೆ ನಡುವೆ ವೆಜ್ ಕೊಟ್ಟು ಬಿಡಿಸಬೇಕು, ಬಾಯಿ ಬಿಟ್ಟಿದ್ದರೆ ವೈಸಿನಲ್ಲಿ ಒತ್ತಬೇಕು. ಸಾಮಾನ್ಯವಾಗಿ ಎರಡೂ ಸೇರಿಕೊಂಡೇ ಇರುತ್ತೆ, ತಿರುಚಿದ್ದನ್ನು ಮೊದಲು ತೆಗೆಯಬೇಕು. ಅವಸರದಲ್ಲಿ ಆಗುವ ಕೆಲಸ ಅಲ್ಲ ಇದು.

ಓರೆ ಕ್ರ್ಯಾಂಕ್ ಯಾಕೆ ಅಷ್ಟು ನಡುಗಿಸುತ್ತೆ ಅಂದರೆ, ಬೇರಿಂಗ್ ಎರಡನ್ನೂ ಕೇಸ್ ಒಂದೇ ಗೆರೆಯಲ್ಲಿ ಹಿಡಿದಿದೆ, ಶಾಫ್ಟ್ ಆ ಗೆರೆಯಲ್ಲಿ ಇಲ್ಲ. ಪ್ರತಿ ಸುತ್ತಿನಲ್ಲೂ ಶಾಫ್ಟ್ ಬಾಗುತ್ತೆ, ಕೇಸನ್ನು ಎಳೆಯುತ್ತೆ. ಮೇನ್ ಬೇರಿಂಗ್ ಬೇಗ ಊಳಿಡುತ್ತೆ, ಆಯಿಲ್ ಸೀಲ್ ಸೋರುತ್ತೆ, ಜಾಸ್ತಿ ಆದರೆ ರೋಟರ್ (ಕರೆಂಟ್ ಮಾಡೋಕೆ ಶಾಫ್ಟಿನ ತುದಿಯಲ್ಲಿ ತಿರುಗುವ ಅಯಸ್ಕಾಂತ) ಪಕ್ಕದ ಸ್ಟೇಟರಿಗೆ (ತಂತಿ ಸುತ್ತಿದ ಸ್ಥಿರ ಭಾಗ) ಉಜ್ಜುತ್ತೆ.

ಕೇಸ್ ಬಿಚ್ಚದೆ ಒಂದು ಅಂದಾಜು ಸಿಗುತ್ತೆ. ಇಂಜಿನ್ ಆಯಿಲ್ ಇಳಿಸಿ (ಪ್ರೈಮರಿಗೂ ಅದೇ ಆಯಿಲ್), ಎಡಗಡೆ ಕವರ್ ಬಿಚ್ಚಿ, ಎರಡೂ ಪ್ಲಗ್ ತೆಗೆಯಿರಿ. ಪುಲ್ಲರ್ ಹಾಕಿ ರೋಟರ್ ತೆಗೆದರೆ ಶಾಫ್ಟಿನ ನುಣುಪು ಭಾಗ ಕಾಣುತ್ತೆ. ಥ್ರೆಡ್ ಮೇಲೆ, ಕೀ ಕೂರುವ ಕಾಲುವೆ ಮೇಲೆ ಗೇಜ್ ಇಡಬೇಡಿ. ಗೇಜಿನ ಮ್ಯಾಗ್ನೆಟ್ ಬೇಸ್ ಅಲ್ಯೂಮಿನಿಯಂ ಕೇಸಿಗೆ ಕಚ್ಚಲ್ಲ, ಒಂದು ಕಬ್ಬಿಣದ ಪಟ್ಟಿಯನ್ನು ಕವರಿನ ಬೋಲ್ಟ್ ರಂಧ್ರಕ್ಕೆ ಬಿಗಿದು ಅದರ ಮೇಲೆ ಕೂರಿಸಿ. ಐದನೇ ಗೇರಿಗೆ ಹಾಕಿ ಹಿಂದಿನ ಚಕ್ರ ನಿಧಾನ ತಿರುಗಿಸಿ, ಮುಳ್ಳಿನ ಕಡಿಮೆ ಮತ್ತು ಹೆಚ್ಚು ಬರೆದುಕೊಳ್ಳಿ. ಆಮೇಲೆ ಚಕ್ರ ನಿಲ್ಲಿಸಿ ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಒತ್ತಿ ನೋಡಿ. ಅಲ್ಲಿ ಬರೋದು ಬೇರಿಂಗಿನ ಆಟ, ಅದನ್ನು ಓರೆ ಅಂತ ಎಣಿಸಬೇಡಿ. ಕವರ್ ಗ್ಯಾಸ್ಕೆಟ್ ಹೊಸದು ತಂದಿಟ್ಟುಕೊಂಡೇ ಬಿಚ್ಚಿ.

ವಿರಾಜಪೇಟೆ_ಕ್ಲಾಸಿಕ್:

ಎಲ್ಲರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ನೋಡಿದ್ದಾಯ್ತು.

65ರಲ್ಲಿ ಕ್ಲಚ್ ಹಿಡಿದು ಬಿಟ್ಟರೆ ನಡುಕ ಪೂರ್ತಿ ನಿಲ್ಲುತ್ತೆ. ನಾಲ್ಕನೇ ಗೇರಿನಲ್ಲಿ ಇನ್ನೂ ಕಮ್ಮಿ ವೇಗಕ್ಕೇ ಶುರು. ನ್ಯೂಟ್ರಲ್‌ನಲ್ಲೂ ಬರುತ್ತೆ. ಫೋನಿನಲ್ಲಿ ನಡುಕ ಜೋರಾಗುವಾಗ 47ರಿಂದ 50 ಹರ್ಟ್ಸ್ ತೋರಿಸ್ತು. ಎರಡೂ ಪ್ಲಗ್ ಸುಡ್ತಿವೆ, ಬಣ್ಣ ಒಂದೇ ತರಹ.

ಟ್ಯಾಂಕ್ ಎತ್ತಿ ಹೆಡ್ ಸ್ಟೆಡಿ ಸಡಿಲಿಸಿದಾಗ ಬಲಗಡೆ ಪ್ಲೇಟ್ ಜಿಗಿದು ಸರೀತು, ಅಂತರ 1.2 ಮಿ.ಮೀ. ವಾಷರ್ ಕೊಟ್ಟು ಬಿಗಿದ ಮೇಲೆ ಟ್ಯಾಂಕ್, ಹ್ಯಾಂಡಲ್ ಎರಡೂ ಗಣನೀಯವಾಗಿ ತಗ್ಗಿದೆ. ಕನ್ನಡಿ 70ಕ್ಕೂ ಕಾಣುತ್ತೆ. ಫುಟ್‌ರೆಸ್ಟಿನಲ್ಲಿ ಮಾತ್ರ ಹಾಗೇ ಉಳಿದಿದೆ.

ಎಡಗಡೆ ಕವರ್ ಬಿಚ್ಚಿ ಗೇಜ್ ಹಚ್ಚಿದಾಗ ರೋಟರಿನ ಹೊರ ಅಂಚಿನಲ್ಲಿ 0.14, ರೋಟರ್ ತೆಗೆದು ಶಾಫ್ಟ್ ಮೇಲೆ 0.11 ಮಿ.ಮೀ. ಕೈಯಿಂದ ಒತ್ತಿದರೆ ಮುಳ್ಳು 0.02ರಷ್ಟು ಆಡುತ್ತೆ. ಇಂಜಿನ್ ಬಿಚ್ಚಲೇಬೇಕಾ? ಇಷ್ಟಕ್ಕೇ ಬಿಟ್ಟು ಓಡಿಸಿದರೆ ಏನಾಗುತ್ತೆ?

ಲೇತ್_ಪ್ರೆಸ್_ಕುಶಾಲನಗರ:

ಬಿಚ್ಚಬೇಕು. ಶಾಫ್ಟಿನ ತುದಿ ಬೇರಿಂಗಿನಿಂದ ಹೊರಗೆ ಚಾಚಿಕೊಂಡಿರೋದರಿಂದ ಅಲ್ಲಿ ಓರೆ ದೊಡ್ಡದಾಗಿ ಕಾಣುತ್ತೆ, ಬೇರಿಂಗ್ ಜಾಗದಲ್ಲಿ 0.11ಕ್ಕಿಂತ ಕಮ್ಮಿ ಇರುತ್ತೆ. ಆದರೂ ಬೇರಿಂಗಿನ ಆಟ ಕಳೆದ ಮೇಲೂ ಇಷ್ಟು ಉಳಿದರೆ ಕ್ರ್ಯಾಂಕ್ ನೇರ ಇಲ್ಲ, ಅದರಲ್ಲಿ ಅನುಮಾನ ಬೇಡ. ಹೀಗೇ ಓಡಿಸಿದರೆ ಹೊಸ ಮೇನ್ ಬೇರಿಂಗ್ ಮೊದಲು ಹೋಗುತ್ತೆ, ಹಿಂದೆಯೇ ಬಿಗ್ ಎಂಡ್. ಆಗ ಇದೇ ಕೆಲಸಕ್ಕೆ ರಾಡ್ ಕಿಟ್ಟಿನ ದುಡ್ಡೂ ಮತ್ತೆ ಹಾಕಬೇಕಾಗುತ್ತೆ.

ಈಗ ಬಿಚ್ಚಿದರೆ ರಾಡ್ ಬದಲಿಸೋದು ಬೇಕಿಲ್ಲ, ಪಿನ್ ಹೊರಗೆ ತೆಗೆಯೋದೂ ಬೇಡ. ಕ್ರ್ಯಾಂಕ್ ಇದ್ದ ಹಾಗೇ ತಂದು ನೇರ ಮಾಡಿಸಿದರೆ ಸಾಕು. ಲೇತಿಗೆ ಕೊಡುವಾಗ ಇಷ್ಟು ಕೇಳಿ: ಎರಡೂ ಶಾಫ್ಟಿನ ಗೇಜ್ ಓದನ್ನು ನಿಮ್ಮೆದುರಿಗೇ ತೋರಿಸಬೇಕು, ಮೊದಲಿನದು ಮತ್ತು ನೇರ ಮಾಡಿದ ಮೇಲಿನದು ಎರಡೂ. ಬಿಗ್ ಎಂಡ್ ಪಕ್ಕದ ಆಟವನ್ನು ಫೀಲರ್ ಗೇಜಿನಿಂದ ಅಳೆದು ಕೈಪಿಡಿಯ ಮಿತಿಗೆ ಹೋಲಿಸಬೇಕು. ಮುಖ್ಯವಾಗಿ, ಸುತ್ತಿಗೆಯ ಸಣ್ಣ ಏಟಿಗೇ ವೀಲ್ ಸುಲಭವಾಗಿ ಜರುಗಿತಾ ಅಂತ ಕೇಳಿ. ಜರುಗಿದರೆ ಪಿನ್ನಿನ ರಂಧ್ರ ಸಡಿಲ ಆಗಿದೆ. ಇವತ್ತು 0.02ಕ್ಕೆ ತಂದರೂ ಗೇರು ಇಳಿಸಿ ಎಳೆಸಿದ ಕೂಡಲೇ ಮತ್ತೆ ತಿರುಚುತ್ತೆ. ಆಗ ವೀಲ್ ಅಥವಾ ಪೂರ್ತಿ ಕ್ರ್ಯಾಂಕ್ ಬದಲಿಸೋದೇ ದಾರಿ. ಪಿನ್ನಿಗೆ ವೆಲ್ಡಿಂಗ್ ಚುಕ್ಕಿ ಹಾಕಿ ಕೊಡುತ್ತೇವೆ ಅಂದರೆ ನಾನಾದರೆ ಒಪ್ಪಲ್ಲ, ಆ ಶಾಖಕ್ಕೆ ಅಲ್ಲಿನ ಉಕ್ಕಿನ ಹದ ಕೆಡುತ್ತೆ, ಮುಂದೆ ರಾಡ್ ಬದಲಿಸೋಕೂ ಕಷ್ಟ.

ಕೇಸಿಗೆ ಬೇರಿಂಗ್ ಕೂರಿಸುವಾಗ ಸುತ್ತಿಗೆ ಬೇಡ. ಕೇಸನ್ನು 100 ಡಿಗ್ರಿ ಆಸುಪಾಸಿಗೆ ಸಮವಾಗಿ ಬಿಸಿ ಮಾಡಿ, ಬೇರಿಂಗನ್ನು ಫ್ರೀಜರಿನಲ್ಲಿಟ್ಟು ತಂದರೆ ತಾನೇ ಇಳಿಯುತ್ತೆ. ನೇರ ಮಾಡಿದ ಕ್ರ್ಯಾಂಕನ್ನು ಕೇಸಿನೊಳಗೆ ಬಡಿದು ಕೂರಿಸಿದರೆ ಅಲ್ಲೇ ಮತ್ತೆ ಓರೆ ಆಗುತ್ತೆ. ಎಷ್ಟೋ ಕಡೆ ಲೇತಿನ ಕೆಲಸ ಸರಿ ಇದ್ದೂ ಕೆಡುವುದು ಇಲ್ಲೇ. ಮೇನ್ ಬೇರಿಂಗ್ ತಿರುಗಿಸಿ ನೋಡಿ, ಸ್ವಲ್ಪ ಕರಕರ ಅಂದರೂ ಈಗಲೇ ಬದಲಿಸಿ.

ಪೊನ್ನಂಪೇಟೆ_ಮೆಕ್ಯಾನಿಕಲ್:

47ರಿಂದ 50 ಹರ್ಟ್ಸ್ ಅಂದರೆ 2800ರಿಂದ 3000 ಆರ್‌ಪಿಎಂ, ಅದು ಕ್ರ್ಯಾಂಕಿನದೇ ಸುತ್ತು. ಸ್ಪಾರ್ಕಿನ ತಪ್ಪಾಗಿದ್ದರೆ ಫೋರ್ ಸ್ಟ್ರೋಕ್ ಆದ್ದರಿಂದ ಅದರ ಅರ್ಧ, 24ರ ಹತ್ತಿರ ಕಾಣಬೇಕಿತ್ತು. ಬಿಚ್ಚಿದಾಗ ಪಿಸ್ಟನ್ ತೂಗೋದು ಮರೆಯಬೇಡಿ. ಹಳೆಯದಕ್ಕಿಂತ ತೀರ ಭಾರ ಇದ್ದರೆ ಪಿಸ್ಟನ್ ಒಳಗಿಂದ ಕೆರೆಯೋಕೆ ಹೋಗದೆ ಬೇರೆ ಪಿಸ್ಟನ್ ತನ್ನಿ.

ಮಡಿಕೇರಿ_ಸ್ಪಾನರ್:

ಇಂಜಿನ್ ಮತ್ತೆ ಏರಿಸುವಾಗಿನ ಕ್ರಮ ಹೇಳ್ತೀನಿ, ಗ್ಯಾರೇಜಿನಲ್ಲಿ ನೀವೇ ನಿಂತು ಮಾಡಿಸಿ. ಮುಂದಿನ ಹಿಂದಿನ ಪ್ಲೇಟುಗಳ ಎಲ್ಲ ಬೋಲ್ಟ್ ಕೈಬಿಗಿ ಮಾತ್ರ ಹಾಕಿ. ಕೆಳಗಿನಿಂದ ಜಾಕ್ ಕೊಟ್ಟು ಇಂಜಿನ್ ಸ್ವಲ್ಪ ಅಲುಗಾಡಿಸಿ, ಎಲ್ಲ ಬೋಲ್ಟೂ ಬೆರಳಿನಿಂದ ತಿರುಗುವ ಹಾಗೆ ಇರಬೇಕು. ಒಂದು ಬೋಲ್ಟನ್ನು ಬಡಿದು ತೂರಿಸಬೇಕಾಗಿ ಬಂದರೆ ರಂಧ್ರ ನೇರಕ್ಕೆ ಇಲ್ಲ, ಅಲ್ಲೇ ನಿಲ್ಲಿಸಿ. ಆಮೇಲೆ ಹಿಂದಿನದು, ಮುಂದಿನದು ಟಾರ್ಕ್ ರೆಂಚಿನಿಂದ ಬಿಗಿದು ಕೊನೆಗೆ ಹೆಡ್ ಸ್ಟೆಡಿ. ಕೈಪಿಡಿ ಸಿಗದಿದ್ದರೆ, ಉಕ್ಕಿನ ನಟ್ ಇರುವ 8.8 ಗ್ರೇಡಿನ 8 ಎಂ.ಎಂ. ಬೋಲ್ಟಿಗೆ 25 ನ್ಯೂಟನ್ ಮೀಟರ್, 10 ಎಂ.ಎಂ.ಗೆ 45ರ ಆಸುಪಾಸು ಸಾಕು. ಅಲ್ಯೂಮಿನಿಯಂ ಥ್ರೆಡ್ಡಿಗೆ ಇಷ್ಟು ಕೊಡಬೇಡಿ. ಹೆಡ್ ಸ್ಟೆಡಿಯ ಅಂತರ ಮತ್ತೆ ಅಳೆಯಿರಿ, ಈ ಸಲದ 1.2 ಆಗಲೂ ಅಷ್ಟೇ ಇರುತ್ತೆ ಅಂತಿಲ್ಲ.

ಇಂಜಿನ್ ಇಳಿದಿರುವಾಗ ಫ್ರೇಮಿನಲ್ಲಿ ಮುಂದಿನ ಪ್ಲೇಟ್ ಕೂರುವ ಜಾಗದ ವೆಲ್ಡಿಂಗನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ನೋಡಿ. ಪೈಂಟಿನ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಒಳಗೆ ಬಿರುಕು ಬಿಟ್ಟಿದೆ. ಇಷ್ಟು ನಡುಕದಲ್ಲಿ ಓಡಿದ ಗಾಡಿಗೆ ಸೈಲೆನ್ಸರ್ ಬ್ರಾಕೆಟ್, ನಂಬರ್ ಪ್ಲೇಟಿನ ಕ್ಲ್ಯಾಂಪ್, ಬ್ಯಾಟರಿ ಟರ್ಮಿನಲ್ ಸಡಿಲಿಕೆ ಕೂಡ ನೋಡಬೇಕು.

ಜೋಡಿಸಿದ ಮೇಲೆ ಗಾಡಿ ಚೆನ್ನಾಗಿ ಬಿಸಿ ಆಗುವಷ್ಟು ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಎಲ್ಲ ಫೌಂಡೇಶನ್ ಬೋಲ್ಟ್ ಮತ್ತೊಮ್ಮೆ ಟಾರ್ಕಿಗೆ ನೋಡಿ. ಮೊದಲ ಆಯಿಲ್ 500 ಕಿ.ಮೀ. ಒಳಗೆ ಬದಲಿಸಿ, ಫಿಲ್ಟರ್ ಸಮೇತ, 15ಡಬ್ಲ್ಯೂ50 ಗ್ರೇಡ್. ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ, ನುಣ್ಣನೆ ಬೂದುಬಣ್ಣದ ಮಿನುಗು ಹೊಸ ರಿಂಗಿನದು, ಸಹಜ. ಉಗುರಿಗೆ ಸಿಗುವ ಚೂರು ಕಂಡರೆ ಗಾಡಿ ಸ್ಟಾರ್ಟ್ ಮಾಡದೆ ಇಲ್ಲಿ ಫೋಟೋ ಹಾಕಿ.